ಅಶರೀರವಾಣಿಯು ನಮ್ಮೂರಿಗೆ ಬಂದ ಬಗೆ

ಕಾಳಿದಾಸನ ಶಾಕುಂತಲದ ನಾಲ್ಕನೆಯ ಅಂಕದಲ್ಲಿ ಕಣ್ವಮಹರ್ಷಿಗಳು ಯಾತ್ರೆಯಿಂದ ಹಿಂದಿರುಗಿ ಅಗ್ನಿಶಾಲೆಯನ್ನು ಹೊಕ್ಕಾಗ ಮಗಳ ವೃತ್ತಾಂತವನ್ನು ಅವರಿಗೆ ತಿಳಿಸಿದವರು ಮನುಷ್ಯರಾರೂ ಅಲ್ಲ. ಶರೀರವಿಲ್ಲದ ಒಂದು ವಾಣಿ. ಭಾಗವತದಲ್ಲಿ ದೇವಕಿಯ ಮದುವೆಯ ದಿಬ್ಬಣವು ಸಾಗುತ್ತಿರುವಾಗ ಕಂಸನ ಕಿವಿಗೆ ಬಿದ್ದುದೂ ಅಂತಹುದೇ ವಾಣಿಯಷ್ಟೆ. ತನಗೆ ಹಿತವಲ್ಲದ ವಾರ್ತೆಯನ್ನು ಕೇಳಿ ಕತ್ತಿಯನ್ನು ಹಿರಿದ ಮೊದಲನೆಯ ಶ್ರೋತೃವು ಅವನೇ ಇರಬೇಕು, ಕಡೆಯವನಂತೂ ಅಲ್ಲ. ಇಂತಹ ಪುರಾಣದ ಮಾತೊಂದು ಮರದ ಪೆಟ್ಟಿಗೆಯೊಳಗೆ ಬಂದು ಕುಳಿತು, ಪ್ರತಿದಿನವೂ ಪ್ರಾತಃಕಾಲದಲ್ಲಿ ನಮ್ಮ ನಡುಮನೆಯಲ್ಲಿ ಮಾತಾಡತೊಡಗಿದ ಸಂಗತಿಯನ್ನು ವಾಚಕರೊಡನೆ ಹಂಚಿಕೊಳ್ಳಬೇಕೆಂದು ಬಹುದಿನಗಳಿಂದ ನಮ್ಮ ಮನಸ್ಸಿನಲ್ಲಿತ್ತು.

ಈ ಹೆಸರನ್ನು ಯಂತ್ರಕ್ಕೆ ಒಪ್ಪಿಸಿದ ಕೀರ್ತಿಯು ಕನ್ನಡ ನಾಡಿನದು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಅಧ್ಯಾಪಕರಾಗಿದ್ದ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ನೆಯ ಇಸವಿ ಸೆಪ್ಟೆಂಬರು ೧೦ರಂದು ‘ವಿಠಲ ವಿಹಾರ’ವೆಂಬ ತಮ್ಮ ಮನೆಯಲ್ಲಿಯೇ ಒಂದು ಪುಟ್ಟ ಪ್ರಸಾರ ನಿಲಯವನ್ನು ಆರಂಭಿಸಿದರು. ಮೊದಲಿನ ಯಂತ್ರದ ಶಕ್ತಿಯು ಮೂವತ್ತೇ ವಾಟ್. ಇಂದು ಮನೆಯಲ್ಲಿ ಉರಿಯುವ ದೀಪಗಳೆಲ್ಲ ಕೂಡಿದರೆ ಅದಕ್ಕಿಂತ ಹೆಚ್ಚಾದೀತು. ಆ ನಿಲಯಕ್ಕೆ ‘ಆಕಾಶವಾಣಿ’ಯೆಂಬ ನಾಮಕರಣವಾಯಿತು. ಭಾರತದಲ್ಲಿ ಪ್ರಸಾರಕಾರ್ಯವು ಅದಕ್ಕೆ ಮೊದಲೇ ಇತ್ತು. ೧೯೨೭ರ ಜುಲೈ ೨೩ರಂದು ಮುಂಬಯಿಯಲ್ಲಿ ಒಂದು ಖಾಸಗಿ ಕಂಪೆನಿಯು ನಿಲಯವನ್ನು ತೆರೆದು, ವರ್ಷಕ್ಕೆ ಹತ್ತು ರೂಪಾಯಿನ ಪರವಾನಗಿಯ ಹಣವನ್ನು ನೆಚ್ಚಿಕೊಂಡು, ಮೂರು ವರ್ಷ ತುಂಬುವುದರೊಳಗಾಗಿ ದಿವಾಳಿಯೆದ್ದಿತು. ಸರ್ಕಾರವು ಅದನ್ನು ವಹಿಸಿಕೊಂಡ ತರುವಾಯ ೧೯೩೬ರಲ್ಲಿ ಆಲ್ ಇಂಡಿಯಾ ರೇಡಿಯೊ ಎಂಬ ಹೆಸರಾಯಿತು. ಮೈಸೂರಿನ ಅಧ್ಯಾಪಕರ ಮನೆಯ ಹೆಸರೇ ೧೯೫೦ರ ದಶಕದ ಉತ್ತರಾರ್ಧದಲ್ಲಿ ಇಡೀ ದೇಶದ ಪ್ರಸಾರಸಂಸ್ಥೆಯ ಹೆಸರಾಯಿತು. ಅಷ್ಟರಲ್ಲಿ ಮೈಸೂರಿನ ನಿಲಯವು ಸರ್ಕಾರದ ಕೈಸೇರಿ, ೧೯೫೫ರಲ್ಲಿ ಬೆಂಗಳೂರಿಗೆ ವಲಸೆಹೋಗಿತ್ತು. ಹೆತ್ತ ಮನೆಯನ್ನು ಬಿಟ್ಟು ಹೆಸರು ಮಾತ್ರ ದೇಶವನ್ನೆಲ್ಲ ಸುತ್ತಿತೆಂದು ಹೇಳಬಹುದು.

ಇದಕ್ಕೆ ಮುನ್ನ ನಮ್ಮ ಸೀಮೆಯವರಿಗೆ ವಿನೋದವೇ ಇರಲಿಲ್ಲವೆಂದು ಯಾರೂ ತಿಳಿಯಬಾರದು. ಮಳೆಗಾಲವು ಮುಗಿದೊಡನೆ ಯಕ್ಷಗಾನದ ಮೇಳಗಳು ಘಟ್ಟವನ್ನೇರಿ ಬರುತ್ತಿದ್ದವು. ಗದ್ದೆಯ ಬಯಲಿನಲ್ಲಿ ತಗಡಿನ ಥಿಯೇಟರನ್ನೆತ್ತಿ ತಿಂಗಳುಗಟ್ಟಲೆ ಬೀಡುಬಿಡುವ ನಾಟಕದ ಕಂಪೆನಿಗಳಿದ್ದವು. ಗುಬ್ಬಿ ವೀರಣ್ಣನವರು ೧೯೩೪ರಲ್ಲಿ ‘ಕುರುಕ್ಷೇತ್ರ’ ನಾಟಕದ ರಂಗಕ್ಕೆ ನಿಜವಾದ ಆನೆಗಳನ್ನು ತಂದ ಕಥೆಯನ್ನು ನಮ್ಮ ತಂದೆಯವರು, ತಾವು ಕಾಣದೆ ಇದ್ದರೂ, ಕಂಡವರಂತೆಯೇ ಹೇಳುತ್ತಿದ್ದರು. ಅದೇ ವರ್ಷದ ಮಾರ್ಚಿಯಲ್ಲಿ ಕನ್ನಡದ ಮೊದಲನೆಯ ವಾಕ್ಚಿತ್ರವಾದ ‘ಸತಿ ಸುಲೋಚನಾ’ ತೆರೆಕಂಡಿತು. ಊರೂರಿಗೆ ಗುಡಾರದ ಸಿನೆಮಾಗಳು ಬಂದುವು. ನೆಲದ ಮೇಲೆ ಕುಳಿತು ನೋಡುವವರಿಗೆ ಕಡಿಮೆ ದರ, ಬೆಂಚಿನವರಿಗೆ ಹೆಚ್ಚು. ಮಳೆ ಬಂದರೆ ಇಬ್ಬರಿಗೂ ಸಮಾನವಾದ ಸ್ನಾನ.

ಆ ನಾಟಕದ ಕಂಪೆನಿಗಳ ಪ್ರಾಣವೆಂದರೆ ಕಾಲು ಹಾರ್ಮೋನಿಯಮ್ಮು. ಅದರ ಮೊದಲ ಸ್ವರವನ್ನು ಕೇಳಿಯೇ ಜನರು ಊಟದ ಎಲೆಯನ್ನು ಬಿಟ್ಟು ಎದ್ದು ಓಡುತ್ತಿದ್ದರಂತೆ. ಆದರೆ ಈ ವಾದ್ಯಕ್ಕೂ ರೇಡಿಯೊವಿಗೂ ನಡೆದ ವ್ಯಾಜ್ಯವನ್ನು ಈಗಿನವರು ಅರಿಯರು. ೧೯೪೦ರ ಮಾರ್ಚಿಯಿಂದ ಆಲ್ ಇಂಡಿಯಾ ರೇಡಿಯೊವಿನಲ್ಲಿ ಹಾರ್ಮೋನಿಯಮ್ಮಿಗೆ ನಿಷೇಧವಾಯಿತು. ಅದರ ಸ್ವರಗಳು ಕಟ್ಟಿಟ್ಟವು, ಭಾರತೀಯ ಸಂಗೀತದ ಗಮಕಶ್ರುತಿಗಳನ್ನು ಅದು ನುಡಿಸಲಾರದು, ಅದು ಪಾಶ್ಚಾತ್ಯರ ಪೆಟ್ಟಿಗೆ ಎಂಬುದು ಪ್ರತಿವಾದಿಗಳ ವಾದ. ಶಾಸ್ತ್ರದೃಷ್ಟಿಯಿಂದ ಈ ವಾದವನ್ನು ತಳ್ಳಿಹಾಕುವಂತಿಲ್ಲ. ಆದರೂ ಹಳ್ಳಿಯ ಜನರು ಮೂರು ತಲೆಮಾರು ಅತ್ತು ನಕ್ಕದ್ದೆಲ್ಲ ಯಾವ ಪೆಟ್ಟಿಗೆಯ ಶ್ರುತಿಗೋ, ಆ ಪೆಟ್ಟಿಗೆಗೆ ಆಕಾಶದ ಬಾಗಿಲು ೧೯೭೧ರವರೆಗೆ ಮುಚ್ಚಿತ್ತೆಂಬುದು ನಮಗೆ ಇಂದಿಗೂ ನ್ಯಾಯವಾಗಿ ತೋರುವುದಿಲ್ಲ. ೧೯೫೦ರ ದಶಕದ ಮೊದಲಲ್ಲಿ ಚಲನಚಿತ್ರದ ಹಾಡುಗಳಿಗೂ ಇಂತಹುದೇ ಗತಿಯೊದಗಿತು. ಜನರು ಸುಮ್ಮನಿರಲಿಲ್ಲ, ಮುಳ್ಳನ್ನು ತಿರುಗಿಸಿ ಸಿಲೋನ್ ನಿಲಯವನ್ನು ಹಿಡಿದರು. ಕಡೆಗೆ ೧೯೫೭ರ ಅಕ್ಟೋಬರಿನಲ್ಲಿ ವಿವಿಧ ಭಾರತಿಯು ಹುಟ್ಟಿ ಕೇಳುಗರು ಮನೆಗೆ ಹಿಂದಿರುಗುವಂತಾಯಿತು. ನಲವತ್ತು ಹುಡುಗರ ತರಗತಿಯನ್ನು ಆಳಿದ ನಾವು ಬಲ್ಲೆವು. ಕಿಟಕಿಯನ್ನು ಮುಚ್ಚಿದ ಮಾತ್ರಕ್ಕೆ ಹುಡುಗರು ಪಾಠವನ್ನು ಕೇಳುವುದಿಲ್ಲ.

ಈಗ ನಮ್ಮ ಭದ್ರಾವತಿಗೆ ಬರೋಣ. ಪೂರ್ವದಲ್ಲಿ ಬೆಂಕಿಪುರವೆಂದು ಹೆಸರಾಗಿದ್ದ ಈ ಊರಿನಲ್ಲಿ ೧೯೨೩ರಲ್ಲಿ ಕಬ್ಬಿಣದ ಕಾರ್ಖಾನೆಯ ಕುಲುಮೆಯು ಉರಿಯತೊಡಗಿತು. ೧೯೩೬ರಲ್ಲಿ ಕಾಗದದ ಕಾರ್ಖಾನೆಯ ಕಂಪೆನಿಯು ಸ್ಥಾಪಿತವಾಯಿತು. ಹಗಲಿಗೂ ಇರುಳಿಗೂ ಭೇದವಿಲ್ಲದೆ ಪಾಳಿಯ ಮೇಲೆ ದುಡಿಯುವ ಜನರ ಊರಿದು. ಕಾರ್ಖಾನೆಯ ಕೂಗೇ ಗಡಿಯಾರ. ಆ ಕೂಗಿಗೆ ಜೊತೆಯಾಗಿ ಇನ್ನೊಂದು ಕೂಗು ಬಂದದ್ದು ೧೯೬೫ರ ಫೆಬ್ರವರಿ ೭ರಂದು. ಅಂದು ಆಕಾಶವಾಣಿಯ ಭದ್ರಾವತಿ ನಿಲಯವು ಆರಂಭವಾಯಿತು. ಜಿಲ್ಲೆಯ ಮುಖ್ಯಪಟ್ಟಣವಾದ ಶಿವಮೊಗ್ಗೆಗೆ ಅಲ್ಲಿಂದ ಹನ್ನೆರಡು ಮೈಲಿಗಳಷ್ಟೇ ದೂರವಾದರೂ ನಿಲಯವು ಭದ್ರಾವತಿಯ ಹೆಸರನ್ನೇ ಹೊತ್ತುದರಿಂದ ನಮ್ಮೂರವರು ಕೊಂಚ ಬೀಗಿದುದುಂಟು. ನಾವು ಹುಟ್ಟಿದುದು ಅದೇ ವರ್ಷದ ಮಳೆಗಾಲದಲ್ಲಿ. ಆದುದರಿಂದ ನಿಲಯದ ವಯಸ್ಸೂ ನಮ್ಮ ವಯಸ್ಸೂ ಒಂದೇ. ಆದರೆ ನಾವು ನಿವೃತ್ತರಾದೆವು, ಅದು ಆಗಲಿಲ್ಲ.

ಮಧ್ಯಮ ತರಂಗದ ಗುಣವನ್ನು ಇಲ್ಲಿ ಎರಡು ಮಾತಿನಲ್ಲಿ ಹೇಳುವುದು ಅವಶ್ಯ. ಹಗಲಿನಲ್ಲಿ ಆ ತರಂಗವು ನೆಲವನ್ನು ತಬ್ಬಿಕೊಂಡು ಸಾಗುತ್ತದೆ. ಗುಡ್ಡವು ಅಡ್ಡಬಂದರೆ ಬಳಸಿಕೊಂಡು ಇಳಿಯುತ್ತದೆ. ಮಲೆನಾಡಿನಂತಹ ತಗ್ಗುದಿಣ್ಣೆಯ ನಾಡಿಗೆ ಇದಕ್ಕಿಂತ ಉಚಿತವಾದ ವಾಹನವಿಲ್ಲ. ರಾತ್ರಿಯಾದರೆ ಅದು ಮೇಲಣ ವಾಯುಮಂಡಲದ ವಿದ್ಯುತ್ಪದರಕ್ಕೆ ತಾಗಿ ಹಿಂದಿರುಗಿ ದೂರದೂರದ ದೇಶಗಳಲ್ಲಿ ಬೀಳುತ್ತದೆ. ಆದುದರಿಂದಲೇ ಇರುಳಿನಲ್ಲಿ ನಮ್ಮ ನಿಲಯದ ಮಗ್ಗುಲಲ್ಲಿ ಯಾವುದೋ ಅರಿಯದ ಭಾಷೆಯವರು ಜಗಳವಾಡುತ್ತಿರುವಂತೆ ಕೇಳಿಸುತ್ತಿತ್ತು. ೪೪೪.೪ ಮೀಟರ್, ಅಂದರೆ ೬೭೫ ಕಿಲೋಹರ್ಟ್ಸ್ ಎಂಬ ಸಂಖ್ಯೆಯು ನಮ್ಮ ಕಾಲದ ಹುಡುಗರಿಗೆ ಮಗ್ಗಿಗಿಂತ ಚೆನ್ನಾಗಿ ಬಾಯಿಗೆ ಬರುತ್ತಿತ್ತು. ೩,೦೦,೦೦೦ವನ್ನು ೬೭೫ರಿಂದ ಭಾಗಿಸಿರೆಂದು ತರಗತಿಯಲ್ಲಿ ಲೆಕ್ಕ ಕೊಟ್ಟು, ಉತ್ತರವಾಗಿ ನಿಲಯದ ಮೀಟರೇ ಬಂದಾಗ ಹುಡುಗರ ಮುಖವರಳುವುದನ್ನು ನಾವು ಎಷ್ಟೋ ಸಲ ಕಂಡಿದ್ದೇವೆ.

ಬೆಳಗಿನ ‘ಚಿಂತನ’, ಸಂಜೆಯ ‘ಕೃಷಿರಂಗ’, ಪ್ರದೇಶ ಸಮಾಚಾರ, ಗಮಕವಾಚನ, ಇವು ಮನೆಮನೆಯ ದಿನಚರಿಗೆ ಸೇರಿದುವು. ಶಿವಮೊಗ್ಗೆಯ ಬಳಿ ತುಂಗೆಯ ಇಕ್ಕೆಡೆಗಳಲ್ಲಿರುವ ಮತ್ತೂರು, ಹೊಸಹಳ್ಳಿಗಳು ಸಂಸ್ಕೃತಕ್ಕೂ ಗಮಕಕ್ಕೂ ಹೆಸರಾದ ಅವಳಿ ಗ್ರಾಮಗಳು. ಹೊಸಹಳ್ಳಿಯ ಗಮಕಿಗಳಾದ ಎಚ್. ಆರ್. ಕೇಶವಮೂರ್ತಿಯವರಿಗೆ ೨೦೨೨ರಲ್ಲಿ ಪದ್ಮಶ್ರೀ ಪ್ರಶಸ್ತಿಯು ಬಂದಿತು. ಅದೇ ವರ್ಷದ ಕಡೆಯಲ್ಲಿ ಅವರು ಕಾಲವಾದರು. ದೇವಸ್ಥಾನದ ಜಗುಲಿಯಲ್ಲಿ ನಾಲ್ಕು ಜನಕ್ಕೆ ಕೇಳಿಸುತ್ತಿದ್ದ ಕುಮಾರವ್ಯಾಸನ ಭಾರತವು ರೇಡಿಯೊವಿನಿಂದ ಅಡಿಗೆಯ ಮನೆಯವರೆಗೂ ಬಂದುದು ಸಾಮಾನ್ಯ ಸಂಗತಿಯಲ್ಲ. ಒಲೆಯ ಮುಂದಿನಿಂದ ಏಳಲಾಗದೆ ಇದ್ದವರಿಗೂ ಭಾರತಶ್ರವಣದ ಪುಣ್ಯವು ಲಭಿಸಿತಷ್ಟೆ.

೧೯೭೪ರ ಜೂನ್ ೩೦ರಂದು ದೆಹಲಿಯಿಂದ ಸಂಸ್ಕೃತದ ವಾರ್ತೆಗಳು ಆರಂಭವಾದುವು. ಆಗ ನಮಗೆ ಒಂಬತ್ತು ವರ್ಷ. ಶ್ರಾದ್ಧದ ಮಂತ್ರಕ್ಕೆ ಮಾತ್ರ ಸಲ್ಲುವುದೆಂದು ನಾವು ತಿಳಿದಿದ್ದ ಭಾಷೆಯಲ್ಲಿ ಪ್ರಧಾನಮಂತ್ರಿಯ ಪ್ರವಾಸವೂ ಗೋಧಿಯ ಧಾರಣೆಯೂ ಕೇಳಿಬಂದಾಗ ಆದ ಬೆರಗನ್ನು ಈಗಲೂ ಮರೆತಿಲ್ಲ. ಮುಂದೆ ನಾವು ಅದೇ ಭಾಷೆಯನ್ನೋದಿ ಮೇಷ್ಟರಾದುದಕ್ಕೆ ಅರ್ಧ ಕಾರಣವು ಆ ಪೆಟ್ಟಿಗೆ.

ನಮ್ಮ ಮನೆಯ ಪೆಟ್ಟಿಗೆಯು ವಾಲ್ವಿನದು. ಗುಂಡಿಯನ್ನು ತಿರುಗಿಸಿದ ಮೇಲೆ ಅದು ಕಾದು ಬಾಯಿಬಿಡಲು ಒಂದು ನಿಮಿಷವಾದರೂ ಹಿಡಿಯುತ್ತಿತ್ತು. ಅಂಚೆಯ ಮನೆಯಲ್ಲಿ ಪ್ರತಿವರ್ಷವೂ ಪರವಾನಗಿಯ ಪುಸ್ತಕಕ್ಕೆ ಮುದ್ರೆಯೊತ್ತಿಸಿಕೊಂಡು ಬರುವುದು ನಮ್ಮ ಕೆಲಸ. ೧೯೭೭ರ ಆಷಾಢದಲ್ಲಿ ನಡೆದ ಒಂದು ಸಂಗತಿಗಾಗಿಯೇ ನಾವು ಈ ಲೇಖನವನ್ನು ಕೈಗೊಂಡೆವೆಂದರೂ ತಪ್ಪಲ್ಲ.

ನಮ್ಮ ಅಜ್ಜಿಯು ತೀರ್ಥಹಳ್ಳಿಯ ಕಡೆಯವರು. ಅಕ್ಷರವನ್ನರಿಯರು, ಆದರೆ ಹಸೆಯ ಹಾಡುಗಳು ಅವರ ನಾಲಗೆಯ ಮೇಲೆ ಸಾಲುಗಟ್ಟಿ ನಿಂತಿದ್ದುವು. ನೆರೆಯವರೊಬ್ಬರ ಪ್ರೇರಣೆಯಿಂದ ಅವರನ್ನು ನಿಲಯಕ್ಕೆ ಕರೆದೊಯ್ದು ಹಾಡಿಸಿ ಧ್ವನಿಮುದ್ರಿಸಿದರು. ಅವರು ಹಾಡಿದ ಒಂದು ಹಾಡಿನಲ್ಲಿ ಮದುಮಗಳ ಮುಡಿಗೆ ಮಲ್ಲಿಗೆಯು ಬರಬೇಕು. ಎಲ್ಲರೂ ಹಾಗೆಯೇ ಹಾಡುತ್ತಾರೆ. ಅಜ್ಜಿಯು ಮಾತ್ರ ಸುರಗಿಯೆಂದೇ ಹಾಡುವರು. ತವರಿನ ಹಿತ್ತಿಲಲ್ಲಿ ಸುರಗಿಯ ಮರವಿದ್ದಿತಂತೆ. ‘ತಪ್ಪು ಹಾಡುವೆ’ ಎಂದು ಅತ್ತಿಗೆಯರು ನಕ್ಕರೂ ಅವರು ತಿದ್ದಿಕೊಂಡವರಲ್ಲ.

ಪ್ರಸಾರದ ದಿನ ಓಣಿಯ ಹೆಂಗಸರೆಲ್ಲರೂ ನಮ್ಮ ನಡುಮನೆಯಲ್ಲಿ ನೆರೆದರು. ಅಜ್ಜಿಯು ಒಗೆದ ಸೀರೆಯನ್ನುಟ್ಟು, ಪೆಟ್ಟಿಗೆಯ ಎದುರಿಗೆ, ತಾವೇ ಮದುಮಗಳಂತೆ ತಲೆತಗ್ಗಿಸಿ ಕುಳಿತಿದ್ದರು. ಹೊರಗೆ ಜಡಿಮಳೆ. ಉದ್ಘೋಷಕಿಯು ಅವರ ಹೆಸರನ್ನು ಹೇಳಿದಳು. ಅಷ್ಟರಲ್ಲಿ ವಿದ್ಯುಚ್ಛಕ್ತಿಯು ನಿಂತಿತು. ಗಾಳಿಗೆ ಎಲ್ಲಿಯೋ ಮರ ಬಿದ್ದಿತ್ತು. ಟ್ರಾನ್ಸಿಸ್ಟರು ಇದ್ದವರ ಮನೆಯು ಓಣಿಯ ಕೊನೆಯಲ್ಲಿ. ಅಜ್ಜಿಯ ಕೈಯನ್ನು ಹಿಡಿದು ಕೆಸರಿನಲ್ಲಿ ಎಳೆದುಕೊಂಡು ಓಡಿದೆವು. ನಾವು ಹೊಸ್ತಿಲನ್ನು ದಾಟುವಾಗ ಮುಂದಿನ ಕಾರ್ಯಕ್ರಮದ ಹೆಸರು ಕೇಳಿಬರುತ್ತಿತ್ತು. ‘ಬಹಳ ಚೆನ್ನಾಗಿತ್ತು’ ಎಂದು ಆ ಮನೆಯವರು ಹೇಳಿದರು. ಅಜ್ಜಿಯು, ‘ಹೌದೇ?’ ಎಂದಷ್ಟೇ ಕೇಳಿ, ಒದ್ದೆಯ ಸೆರಗನ್ನು ಹಿಂಡುತ್ತ ಮನೆಗೆ ಬಂದು ಒಲೆಯನ್ನು ಹೊತ್ತಿಸಿದರು. ಸಂಭಾವನೆಯ ಚೆಕ್ಕನ್ನು ದೇವರ ಪೆಟ್ಟಿಗೆಯಲ್ಲಿಟ್ಟು ಪೂಜಿಸಿದುದರಿಂದ ಅದರ ಅವಧಿಯೂ ಮೀರಿಹೋಯಿತು.

ಆ ಕಾಲದಲ್ಲಿ ಧ್ವನಿಸುರುಳಿಯು ದುಬಾರಿಯ ಪದಾರ್ಥ. ಒಂದನ್ನು ಅಳಿಸಿ ಇನ್ನೊಂದನ್ನು ಮುದ್ರಿಸುವುದು ಲೋಕದಲ್ಲೆಲ್ಲ ನಡೆಯುತ್ತಿದ್ದ ವ್ಯವಹಾರ. ೧೯೬೯ರಲ್ಲಿ ಮನುಷ್ಯನು ಚಂದ್ರನ ಮೇಲೆ ಕಾಲಿಟ್ಟ ದೃಶ್ಯದ ಮೂಲಸುರುಳಿಗಳೇ ಅಳಿದುಹೋಗಿರಬೇಕೆಂದು ಅಮೆರಿಕದ ನಾಸಾ ಸಂಸ್ಥೆಯವರು ಬಹಳ ಹುಡುಕಿ ೨೦೦೯ರಲ್ಲಿ ಒಪ್ಪಿಕೊಂಡರು. ಚಂದ್ರಯಾನದ ಸುರುಳಿಗೆ ಆದ ಗತಿಯೇ ಅದಾದ ಮೇಲೆ ಹಸೆಯ ಹಾಡಿನ ಸುರುಳಿಯು ಉಳಿಯಬೇಕಾಗಿತ್ತೆಂದು ನಾವು ಯಾರನ್ನು ಕೇಳೋಣ? ತನ್ನ ಕಂಠವನ್ನು ತಾನು ಕೇಳದೆಯೇ ಅಜ್ಜಿಯು ೧೯೮೨ರಲ್ಲಿ ತೀರಿಕೊಂಡರು. ಅವರ ಭಾವಚಿತ್ರವೊಂದು ನಮ್ಮಲ್ಲಿದೆ, ಧ್ವನಿಯಿಲ್ಲ.

ತರುವಾಯದ ಕಥೆಯು ಎಲ್ಲರೂ ಬಲ್ಲದು. ದೂರದರ್ಶನವು ಬಂದಿತು. ೧೯೮೭ರಲ್ಲಿ ಶಂಕರನಾಗ್ ಅವರು ನಮ್ಮ ಜಿಲ್ಲೆಯ ಆಗುಂಬೆಯನ್ನೇ ಮಾಲ್ಗುಡಿಯಾಗಿಸಿ ದೇಶಕ್ಕೆಲ್ಲ ತೋರಿಸಿದರು. ರೇಡಿಯೊವಿನ ಪರವಾನಗಿಯು ರದ್ದಾಯಿತು. ಕಾಗದದ ಕಾರ್ಖಾನೆಯ ಯಂತ್ರಗಳು ನಿಂತುವು. ಭದ್ರಾವತಿಯ ನಿಲಯವು ೧೦೩.೫ರ ಎಫ್.ಎಂ. ತರಂಗವನ್ನೂ ಪಡೆಯಿತು, ಈಗ ಮೊಮ್ಮಕ್ಕಳು ಅದನ್ನು ಕೈಯ ಫೋನಿನಲ್ಲಿಯೇ ಕೇಳಿಸುತ್ತಾರೆ.

ಇಪ್ಪತ್ತೈದು ವರ್ಷಗಳ ಹಿಂದೆ ಚನ್ನಗಿರಿಯ ಕಡೆಯ ಒಂದು ಹಳ್ಳಿಗೆ ಸಹೋದ್ಯೋಗಿಗಳ ಮಗಳ ಮದುವೆಗೆಂದು ಹೋಗಿದ್ದೆವು. ಅದು ಬಯಲುಸೀಮೆಯ ಅಂಚು. ಸುರಗಿಯ ಮರವನ್ನು ಕಾಣಲಾರಿರಿ. ಮದುಮಗಳನ್ನು ಹಸೆಗೆ ಕರೆಯುವಾಗ ನಡುವಯಸ್ಸಿನ ಹೆಂಗಸೊಬ್ಬಳು ಹಾಡಲು ತೊಡಗಿದಳು. ನಾವು ಪಕ್ಕದವರೊಡನೆ ವರ್ಗಾವಣೆಯ ವಿಷಯವನ್ನು ಮಾತಾಡುತ್ತಿದ್ದೆವು. ಮುಡಿಯ ಹೂವಿನ ಸಾಲು ಬಂದಿತು. ಅವಳು ಸುರಗಿಯೆಂದು ಹಾಡಿದಳು.

ಊಟವಾದ ಮೇಲೆ ಹತ್ತಿರಕ್ಕೆ ಹೋಗಿ ಎಲ್ಲಿ ಕಲಿತೆಯೆಂದು ವಿಚಾರಿಸಿದೆವು. ‘ಸಣ್ಣವಳಿದ್ದಾಗ ಪಂಚಾಯ್ತಿ ಕಟ್ಟೆಯ ರೇಡಿಯೊದಲ್ಲಿ ಬಂದಿತ್ತು ಸ್ವಾಮಿ. ಯಾರೋ ಮುದುಕಿ ಹಾಡಿದ್ದು. ಒಂದೇ ಸಲಕ್ಕೆ ಮನಸ್ಸಿಗೆ ಹತ್ತಿಬಿಟ್ಟಿತು,’ ಎಂದಳು. ಆ ಮುದುಕಿಯು ಯಾರೆಂಬುದನ್ನು ಹೇಳಿದೆವು. ಅವಳು ಕೊಂಚ ಹೊತ್ತು ಸುಮ್ಮನಿದ್ದು, ಸಂಕೋಚದಿಂದ, ‘ಇಷ್ಟು ವರ್ಷ ಹಾಡಿದೆ, ಕೇಳೋದಕ್ಕೆ ಯಾರೂ ಸಿಕ್ಕಿರಲಿಲ್ಲ. ಸುರಗಿ ಅಂದರೆ ಏನು ಸ್ವಾಮಿ?’ ಎಂದು ಕೇಳಿದಳು.

ಸುರಗಿಯು ಒಣಗಿದರೂ ಪರಿಮಳವನ್ನು ಬಿಡದ ಹೂವು. ಮುಂದಿನ ಫಾಲ್ಗುನದಲ್ಲಿ ತೀರ್ಥಹಳ್ಳಿಯಿಂದ ಒಂದು ಹಿಡಿಯನ್ನು ತರಿಸಿ, ದಾರಕ್ಕೆ ಪೋಣಿಸಿ ಒಣಗಿಸಿ, ಲಕ್ಕೋಟೆಯಲ್ಲಿಟ್ಟು ಅವಳ ವಿಳಾಸಕ್ಕೆ ಅಂಚೆಯಲ್ಲಿ ಕಳುಹಿಸಿದೆವು.