ಸವಕಲು ನಾಣ್ಯವೂ ಅಮಾನತ್ತೇ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಹೊಲಗಳಲ್ಲಿ ಸಿಕ್ಕ ತಾಮ್ರದ ಬಿಲ್ಲೆಗಳನ್ನು ಜುಮಾದ ನಂತರ ಕೆಲವರು ನಮ್ಮ ಬಳಿ ತರುತ್ತಾರೆ. ಅರಬಿ ಅಕ್ಷರ ಕಂಡು ಅದನ್ನು ಮಕ್ಕಳ ಕೊರಳಿಗೆ ತಾಯಿತವಾಗಿ ಕಟ್ಟಿದವರೂ ಉಂಟು. ಅದು ಸಂತೆಯಲ್ಲಿ ಓಡಾಡಿದ ದುಡ್ಡು, ಅಷ್ಟೇ.

ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ. ಉಳಿದ ಅಕ್ಷರವೂ ಅಳಿಯುತ್ತದೆ. ಓರೆ ಬೆಳಕಿಗೆ ಹಿಡಿದು, ತಿರುಗಿಸಿ ನೋಡಿ. ಬಿಲ್ಲೆಗಿಂತ ಅಚ್ಚು ದೊಡ್ಡದಿರುತ್ತಿದ್ದುದರಿಂದ ಅರ್ಧ ಪದವಷ್ಟೇ ಮೂಡಿರುವುದುಂಟು. ‘ಇಬ್ರಾಹೀಮ್’, ‘ಅಬಲಾ ಬಲಿ’ ಎಂದು ಕಂಡರೆ ಬಿಜಾಪುರದ ಎರಡನೇ ಇಬ್ರಾಹೀಮ್ ಆದಿಲ್‌ಶಾಹನದು (1580–1627). ಲಿಪಿ ಪಾರ್ಸಿ, ‘ಅಬಲರಿಗೆ ಬಲ’ ಎಂಬ ಮಾತು ಈ ನೆಲದ್ದು. ನಾಗರಿ ಅಕ್ಷರವಿದ್ದರೆ ವಿಜಯನಗರದ್ದಿರಬಹುದು.

ನೆಲದಲ್ಲಿ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕೆಂಬುದು ಕಾಯ್ದೆ. ಮುಚ್ಚಿಟ್ಟು ಮಾರುವುದು ಖಿಯಾನತ್. ಅದರಿಂದ ದೂರವಿರೋಣ.