ಕುಡಿತದ ಸಾವು ಮತ್ತು ಶಾಸನಸಭೆ: ಹಂಪಸಾಗರ ಸೀಮೆಯ ಹಿನ್ನೆಲೆಯಲ್ಲಿ ಒಂದು ವಿವೇಚನೆ

ಅಮಲು ಪದಾರ್ಥಗಳಿಂದ ಸಂಭವಿಸುವ ಸಾವನ್ನು ಕಾನೂನಿನ ಮೂಲಕ ತಗ್ಗಿಸಬಹುದೇ ಎಂಬ ಪ್ರಶ್ನೆ ಇಂದು ಜಗತ್ತಿನ ಅನೇಕ ಶಾಸನಸಭೆಗಳ ಮುಂದಿದೆ. ಕರ್ನಾಟಕದ ಮಟ್ಟಿಗೆ ಈ ಪ್ರಶ್ನೆ ಮುಖ್ಯವಾಗಿ ಮದ್ಯದ ರೂಪದಲ್ಲಿಯೇ ಎದುರಾಗಿದೆ. ಇದಕ್ಕೆ ಸಾಮಾಜಿಕ ಕಾರಣದ ಜೊತೆಗೆ ಸಂವಿಧಾನಾತ್ಮಕ ಕಾರಣವೂ ಇದೆ. ಗಾಂಜಾ, ಅಫೀಮು, ಹೆರಾಯಿನ್ ಮೊದಲಾದವುಗಳನ್ನು ಸಂಸತ್ತು 1985ರಲ್ಲಿ ರೂಪಿಸಿದ ಕಾಯಿದೆ ನಿಯಂತ್ರಿಸುತ್ತದೆ. ಮಾದಕ ಪಾನೀಯವಾದರೋ ಸಂವಿಧಾನದ ಏಳನೆಯ ಅನುಸೂಚಿಯ ರಾಜ್ಯಪಟ್ಟಿಯಲ್ಲಿ ಎಂಟನೆಯ ವಿಷಯವಾಗಿದ್ದು, ಅದರ ತಯಾರಿಕೆ, ಸಾಗಣೆ, ಮಾರಾಟಗಳ ಬಗ್ಗೆ ಕಾನೂನು ಮಾಡುವ ಹೊಣೆ ರಾಜ್ಯ ಶಾಸಕಾಂಗದ್ದು. ಪಾನನಿರೋಧಕ್ಕೆ ಪ್ರಯತ್ನಿಸಬೇಕೆಂದು 47ನೆಯ ಅನುಚ್ಛೇದ ನಿರ್ದೇಶಿಸುತ್ತದೆ. ಮದ್ಯದ ಮೇಲೆ ಸುಂಕ ವಿಧಿಸುವ ಅಧಿಕಾರವನ್ನು ಅದೇ ಸಂವಿಧಾನ ರಾಜ್ಯಗಳಿಗೆ ಕೊಟ್ಟಿದೆ. ಈ ಎರಡರ ನಡುವಿನ ಇಕ್ಕಟ್ಟಿನಲ್ಲಿಯೇ ನಮ್ಮ ಶಾಸನಸಭೆಗಳ ಚರ್ಚೆ ಸಾಗಿಬಂದಿದೆ.

ಹಂಪಸಾಗರ ಮತ್ತು ಅದರ ಸುತ್ತಲಿನ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಯನ್ನು ಇಲ್ಲಿ ಆಯ್ದುಕೊಳ್ಳಲು ಕಾರಣವಿದೆ. ಒಂದು ಶತಮಾನದೊಳಗೆ ಈ ಸೀಮೆ ಮದರಾಸು, ಮೈಸೂರು, ಕರ್ನಾಟಕ ಎಂಬ ಮೂರು ಹೆಸರಿನ ಶಾಸನಸಭೆಗಳ ತೀರ್ಮಾನಗಳಿಗೆ ಒಳಪಟ್ಟಿತು. ಸುಂಕದ ಹೆಂಡ, ಸಂಪೂರ್ಣ ಪಾನನಿರೋಧ, ಪರವಾನಗಿಯ ಸಾರಾಯಿ, ಸಾರಾಯಿ ನಿಷೇಧ ಎಂಬ ನಾಲ್ಕು ವ್ಯವಸ್ಥೆಗಳನ್ನೂ ಕಂಡಿತು. ಇಷ್ಟೆಲ್ಲ ಬದಲಾವಣೆಗಳ ನಡುವೆಯೂ ಒಂದು ಗೊಂದಲ ಮಾತ್ರ ಹಾಗೆಯೇ ಉಳಿಯಿತು. ಕುಡಿತವನ್ನು ತಗ್ಗಿಸುವುದು ಬೇರೆ, ಸಾವನ್ನು ತಗ್ಗಿಸುವುದು ಬೇರೆ. ಮೊದಲನೆಯದನ್ನು ಸಾಧಿಸಿದರೆ ಎರಡನೆಯದು ತಾನಾಗಿ ಸಾಧಿಸುತ್ತದೆಂದು ಶಾಸನಸಭೆಗಳು ಭಾವಿಸಿದವು. ಆ ಭಾವನೆ ಎಷ್ಟರಮಟ್ಟಿಗೆ ಸರಿ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಮದರಾಸಿನ ಕಾಲ

ಬ್ರಿಟಿಷರ ಆಳ್ವಿಕೆಯಲ್ಲಿ ಬಳ್ಳಾರಿ ಜಿಲ್ಲೆಯ ಹೆಂಡ, ಸಾರಾಯಿಗಳ ವ್ಯವಹಾರ 1886ರ ಮದರಾಸು ಅಬಕಾರಿ ಕಾಯಿದೆಗೆ ಒಳಪಟ್ಟಿತ್ತು. ಈ ಕಾಯಿದೆಯ ದೃಷ್ಟಿ ಪ್ರಧಾನವಾಗಿ ವರಮಾನದ್ದು. ಈಚಲ ಮರದ ಲೆಕ್ಕ, ಅಂಗಡಿಯ ಹರಾಜು, ಗುತ್ತಿಗೆದಾರನ ಹಕ್ಕು ಇವೇ ಅದರ ವಿಷಯ. ಹೆಂಡದ ಅಂಗಡಿಗಳ ಮುಂದಿನ ಪಿಕೆಟಿಂಗ್ ಸ್ವಾತಂತ್ರ್ಯ ಚಳುವಳಿಯ ಒಂದು ಅಂಗವಾದಾಗ ಮದ್ಯದ ಪ್ರಶ್ನೆಗೆ ನೈತಿಕ ಆಯಾಮ ಒದಗಿತು. 1937ರಲ್ಲಿ ರಾಜಾಜಿಯವರ ನೇತೃತ್ವದ ಸರ್ಕಾರ ಮದರಾಸು ಪಾನನಿರೋಧ ಕಾಯಿದೆಯನ್ನು ತಂದು, ಅದೇ ವರ್ಷದ ಅಕ್ಟೋಬರ್ 1ರಂದು ಸೇಲಂ ಜಿಲ್ಲೆಯಲ್ಲಿ ಮೊದಲಿಗೆ ಜಾರಿಗೊಳಿಸಿತು.

ಈ ಪ್ರಯೋಗದ ಆರ್ಥಿಕ ಬದಿ ಗಮನಾರ್ಹವಾದುದು. ಕೈಬಿಟ್ಟ ಅಬಕಾರಿ ವರಮಾನವನ್ನು ತುಂಬಿಕೊಳ್ಳುವ ಸಲುವಾಗಿ 1939ರಲ್ಲಿ ಮದರಾಸು ಶಾಸನಸಭೆ ಸಾಮಾನ್ಯ ಮಾರಾಟ ತೆರಿಗೆಯನ್ನು ವಿಧಿಸಿತು. ಮದ್ಯ ಬೇಡವೆಂದರೆ ಅದರ ಬೆಲೆಯನ್ನು ಸಮಾಜವೆಲ್ಲ ಹಂಚಿಕೊಳ್ಳಬೇಕೆಂಬ ಪ್ರಾಮಾಣಿಕತೆ ಆ ನಿರ್ಧಾರದಲ್ಲಿತ್ತು. ಮುಂದೆ ಯುದ್ಧದ ಕಾಲದಲ್ಲಿ ಪಾನನಿರೋಧವನ್ನು ಅಮಾನತಿನಲ್ಲಿರಿಸಲಾಯಿತು. ಮಾರಾಟ ತೆರಿಗೆ ಮಾತ್ರ ಉಳಿಯಿತು. ಸ್ವಾತಂತ್ರ್ಯದ ಹೊಸ್ತಿಲಲ್ಲಿ ಪಾನನಿರೋಧ ಮರಳಿ ಬಂದು 1948ರ ಹೊತ್ತಿಗೆ ಇಡೀ ಪ್ರಾಂತವನ್ನು ವ್ಯಾಪಿಸಿತು. ಹಿಂದೆ ಹಡಗಲಿ ತಾಲ್ಲೂಕಿಗೆ ಸೇರಿದ್ದ ಹಂಪಸಾಗರವೂ ಹೀಗೆ ಪಾನನಿರೋಧದ ನೆಲವಾಯಿತು.

ಆದರೆ ಇಲ್ಲಿಯ ಭೂಗೋಳವನ್ನು ಮರೆಯಲಾಗದು. ತುಂಗಭದ್ರೆಯ ಬಲದಂಡೆ ಮದರಾಸಿನದು. ಎದುರಿನ ಕೊಪ್ಪಳ ಸೀಮೆ ಹೈದರಾಬಾದ್ ಸಂಸ್ಥಾನದ್ದು. ಅಲ್ಲಿ ಅಬಕಾರಿ ಬೊಕ್ಕಸದ ಮುಖ್ಯ ಆಧಾರಗಳಲ್ಲೊಂದಾಗಿತ್ತು. ಒಂದೇ ಭಾಷೆಯ, ಒಂದೇ ಸಂತೆ-ಜಾತ್ರೆಗಳ, ಪರಸ್ಪರ ಹೆಣ್ಣು ಕೊಟ್ಟು ತರುವ ಜನರ ನಡುವೆ ಹರಿಯುವ ನದಿ ಎರಡು ಕಾನೂನುಗಳ ಗಡಿಯಾಯಿತು. ಈ ದಡದಲ್ಲಿ ಅಪರಾಧವಾದುದು ಆ ದಡದಲ್ಲಿ ಸರ್ಕಾರಕ್ಕೆ ವರಮಾನ. ಇಂತಹ ಗಡಿಯಲ್ಲಿ ನಿಷೇಧವು ಕುಡಿತವನ್ನು ಸ್ಥಳಾಂತರಿಸಬಲ್ಲುದಲ್ಲದೆ ಅಳಿಸಲಾರದು ಎಂಬುದನ್ನು ತಿಳಿಯಲು ವಿಶೇಷ ಪಾಂಡಿತ್ಯ ಬೇಕಾಗಿಲ್ಲ.

ನಿಷೇಧದ ಪ್ರದೇಶಗಳಲ್ಲಿ ಮತ್ತೊಂದು ಬಗೆಯ ಬದಲಾವಣೆಯೂ ನಡೆಯಿತು. ಹೆಂಡ ಸಿಗದೆಡೆ ಮದ್ಯಸಾರವುಳ್ಳ ಟಿಂಕ್ಚರುಗಳು, ವಾರ್ನಿಷ್, ಸ್ಪಿರಿಟ್‌ಗಳನ್ನು ಕುಡಿಯುವ ಚಟ ಹಬ್ಬಿತು. ಔಷಧದ ಹೆಸರಿನಲ್ಲಿ ರಾಜ್ಯದಿಂದ ರಾಜ್ಯಕ್ಕೆ ಸಾಗುತ್ತಿದ್ದ ಇಂತಹ ದ್ರಾವಣಗಳನ್ನು ಹತೋಟಿಯಲ್ಲಿಡಲು ಸಂಸತ್ತು 1955ರಲ್ಲಿ ಪ್ರತ್ಯೇಕ ಕಾಯಿದೆಯನ್ನೇ ಮಾಡಬೇಕಾಯಿತು. ಕುಡಿಯುವವನು ಕುಡಿತವನ್ನು ಬಿಡದೆ ಪಾನೀಯವನ್ನು ಬದಲಿಸಿದಾಗ ಅಪಾಯ ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ ಎಂಬ ಪಾಠ ಅದರಲ್ಲಿತ್ತು.

2. ಮೈಸೂರು ವಿಧಾನಸಭೆಯ ಎರಡು ಹೆಜ್ಜೆಗಳು

1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಮೈಸೂರು ರಾಜ್ಯದಲ್ಲಿ ಸೇರಿತು. 1956ರ ಏಕೀಕರಣದಿಂದ ಮುಂಬಯಿ, ಹೈದರಾಬಾದ್, ಕೊಡಗುಗಳ ಭಾಗಗಳೂ ಕೂಡಿದಾಗ ಒಂದೇ ರಾಜ್ಯದಲ್ಲಿ ಹಲವು ಮದ್ಯಕಾನೂನುಗಳು ಏಕಕಾಲಕ್ಕೆ ಚಾಲ್ತಿಯಲ್ಲಿದ್ದ ವಿಚಿತ್ರ ಸ್ಥಿತಿ ಉಂಟಾಯಿತು. ಇದನ್ನು ಸರಿಪಡಿಸಲು ಶಾಸಕಾಂಗ 1961ರ ಪಾನನಿರೋಧ ಕಾಯಿದೆಯನ್ನು ರೂಪಿಸಿತು. ಆದರೆ ಅದೇ ದಶಕದಲ್ಲಿಯೇ ದಿಕ್ಕು ಬದಲಾಗಿ 1965ರ ಅಬಕಾರಿ ಕಾಯಿದೆ ಸಿದ್ಧವಾಯಿತು. ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದಾಗ, 1967ರ ಅಕ್ಟೋಬರ್‌ನಲ್ಲಿ, ಆ ಕಾಯಿದೆ ಜಾರಿಗೆ ಬಂದು ಪಾನನಿರೋಧ ತೆರವಾಯಿತು. ನೈತಿಕತೆಯ ಭಾಷೆಯಲ್ಲಿ ಆರಂಭವಾದ ಚರ್ಚೆ ಮತ್ತೆ ಹಣಕಾಸಿನ ಭಾಷೆಗೆ ಹಿಂದಿರುಗಿತು.

ಪರವಾನಗಿಯ ವ್ಯವಸ್ಥೆ ಕಳ್ಳಬಟ್ಟಿಯನ್ನು ಅಳಿಸಿ ಜೀವ ಉಳಿಸುತ್ತದೆ ಎಂಬ ವಾದಕ್ಕೂ ಕಠೋರ ಪರೀಕ್ಷೆ ಎದುರಾಯಿತು. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ವಿಷಮದ್ಯ ಸೇವಿಸಿ 300ಕ್ಕೂ ಹೆಚ್ಚು ಮಂದಿ ಮೃತಪಟ್ಟರು. ಆಗ ರಾಜ್ಯದಲ್ಲಿ ಸಾರಾಯಿ ನಿಷಿದ್ಧವಾಗಿರಲಿಲ್ಲ. ಅಂಗಡಿಗಳಿದ್ದವು, ಗುತ್ತಿಗೆದಾರರಿದ್ದರು, ಅಬಕಾರಿ ಇಲಾಖೆಯಿತ್ತು. ಆದರೂ ಸುಂಕ ತಪ್ಪಿಸಿದ ಅಗ್ಗದ ಮದ್ಯದಲ್ಲಿ ಮಿಥೈಲ್ ಆಲ್ಕೋಹಾಲ್ ಬೆರೆತು ಬಂದಿತು.

3. ಸಾವಿನ ರಸಾಯನ

ಇಲ್ಲಿ ವಿಷದ ಸ್ವರೂಪವನ್ನು ಕೊಂಚ ವಿವರಿಸುವುದು ಅಗತ್ಯ. ಬೆಲ್ಲ, ನವಸಾಗರ, ಮರದ ತೊಗಟೆ ಕೊಳೆಹಾಕಿ ಬಟ್ಟಿ ಇಳಿಸಿದ ಕಳ್ಳಸಾರಾಯಿ ಆರೋಗ್ಯಕ್ಕೆ ಹಾನಿಕರವೇ ಸರಿ. ಆದರೆ ಒಂದೇ ರಾತ್ರಿಯಲ್ಲಿ ಕೇರಿಗೆ ಕೇರಿಯನ್ನೇ ಬಲಿ ತೆಗೆದುಕೊಳ್ಳುವ ದುರಂತಗಳ ಹಿಂದೆ ಸಾಮಾನ್ಯವಾಗಿ ಇರುವುದು ಕಾರ್ಖಾನೆಗಳ ಬಳಕೆಗಾಗಿ ತಯಾರಾದ ಮಿಥೈಲ್ ಆಲ್ಕೋಹಾಲ್. ಬಣ್ಣ, ವಾಸನೆ, ಅಮಲುಗಳಲ್ಲಿ ಅದು ಕುಡಿಯುವ ಈಥೈಲ್ ಆಲ್ಕೋಹಾಲನ್ನೇ ಹೋಲುತ್ತದೆ. ಯಕೃತ್ತಿನಲ್ಲಿ ಅದು ಮೊದಲು ಫಾರ್ಮಾಲ್ಡಿಹೈಡ್ ಆಗಿ, ಅನಂತರ ಫಾರ್ಮಿಕ್ ಆಮ್ಲವಾಗಿ ಮಾರ್ಪಡುತ್ತದೆ. ಈ ಆಮ್ಲ ಕಣ್ಣಿನ ನರವನ್ನು ಸುಟ್ಟು, ರಕ್ತದ ಆಮ್ಲೀಯತೆಯನ್ನು ಏರಿಸಿ, ಕೊನೆಗೆ ಉಸಿರನ್ನು ನಿಲ್ಲಿಸುತ್ತದೆ.

ಕುಡಿದ ಕೂಡಲೇ ಲಕ್ಷಣಗಳು ತೋರುವುದಿಲ್ಲ. ಅರ್ಧ ದಿನ, ಕೆಲವೊಮ್ಮೆ ಒಂದು ದಿನ ಕಳೆದ ಮೇಲೆ ಕಣ್ಣು ಮಂಜಾಗುತ್ತದೆ. ಈ ಅವಧಿಯೇ ಜೀವ ಉಳಿಸಬಹುದಾದ ಅವಧಿ. ವಿಷ ಆಮ್ಲವಾಗುವುದನ್ನು ತಡೆಯುವ ಫೊಮೆಪಿಜೋಲ್ ಎಂಬ ಪ್ರತಿವಿಷವನ್ನು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿದೆ. ಅದಿಲ್ಲದೆಡೆ ವೈದ್ಯರ ಮೇಲ್ವಿಚಾರಣೆಯಲ್ಲಿ ಕೊಡುವ ಈಥೈಲ್ ಆಲ್ಕೋಹಾಲೇ ಪ್ರತಿವಿಷವಾಗಿ ಕೆಲಸ ಮಾಡುತ್ತದೆ. ಆಮ್ಲೀಯತೆಯನ್ನು ತಗ್ಗಿಸುವ ಸೋಡಿಯಂ ಬೈಕಾರ್ಬೊನೇಟ್, ರಕ್ತ ಶುದ್ಧಿಗೊಳಿಸುವ ಡಯಾಲಿಸಿಸ್ ಇವು ಚಿಕಿತ್ಸೆಯ ಉಳಿದ ಅಂಗಗಳು. ಹಂಪಸಾಗರದಂತಹ ಊರಿನಿಂದ ಬಳ್ಳಾರಿಯ ದೊಡ್ಡಾಸ್ಪತ್ರೆ ನೂರು ಕಿಲೋಮೀಟರಿನಷ್ಟು ದೂರವಿದೆ. ಆದುದರಿಂದ ಸಾವಿನ ಸಂಖ್ಯೆಯನ್ನು ಅಂತಿಮವಾಗಿ ನಿರ್ಧರಿಸುವುದು ತಾಲ್ಲೂಕು ಆಸ್ಪತ್ರೆಯ ಸಿದ್ಧತೆ ಮತ್ತು ರೋಗಿ ಅಲ್ಲಿಗೆ ಹೆದರದೆ ಬರಬಲ್ಲನೇ ಎಂಬ ಸಂಗತಿ.

4. ಸಾರಾಯಿ ನಿಷೇಧ ಮತ್ತು ಅನಂತರ

2007ರ ಮುಂಗಡಪತ್ರದ ಸಂದರ್ಭದಲ್ಲಿ ಸಾರಾಯಿ ನಿಷೇಧದ ಘೋಷಣೆಯಾಗಿ ಅದೇ ಜುಲೈ 1ರಿಂದ ಅದು ಜಾರಿಗೆ ಬಂದಿತು. ಎಚ್.ಡಿ. ಕುಮಾರಸ್ವಾಮಿಯವರು ಮುಖ್ಯಮಂತ್ರಿ, ಬಿ.ಎಸ್. ಯಡಿಯೂರಪ್ಪನವರು ಹಣಕಾಸು ಹೊಣೆಯ ಉಪಮುಖ್ಯಮಂತ್ರಿಯಾಗಿದ್ದ ಆ ಸಂಪುಟದಲ್ಲಿ ಹಡಗಲಿಯ ಎಂ.ಪಿ. ಪ್ರಕಾಶರು ಗೃಹ ಸಚಿವರಾಗಿದ್ದರು. ದಿನಗೂಲಿಯ ಹಣವೆಲ್ಲ ಸಾರಾಯಿ ಪಾಕೀಟಿಗೆ ಸೋರಿಹೋಗುವುದನ್ನು ಕಂಡಿದ್ದ ಹಳ್ಳಿಯ ಹೆಣ್ಣುಮಕ್ಕಳ ಬೇಡಿಕೆಗೆ ಈ ನಿರ್ಧಾರ ಮನ್ನಣೆ ನೀಡಿತೆಂಬುದು ನಿಜ. ಆದರೆ ನಿಷೇಧಿತವಾದುದು ಬಡವರ ಅಗ್ಗದ ಪಾನೀಯ ಮಾತ್ರ. ಬಾಟಲಿಯ ಮದ್ಯ ಅಂಗಡಿಗಳಲ್ಲಿ ಉಳಿಯಿತು.

ಒಂದು ವರ್ಷ ತುಂಬುವ ಮೊದಲೇ, 2008ರ ಮೇ ತಿಂಗಳಲ್ಲಿ, ಬೆಂಗಳೂರು, ಕೋಲಾರದ ಭಾಗಗಳಲ್ಲಿ ಹಾಗೂ ಗಡಿಯಾಚೆಯ ಕೃಷ್ಣಗಿರಿ ಜಿಲ್ಲೆಯಲ್ಲಿ ವಿಷಮದ್ಯಕ್ಕೆ 150ಕ್ಕೂ ಹೆಚ್ಚು ಜನ ಬಲಿಯಾದರು. ಆ ದಿನಗಳಲ್ಲಿ ರಾಜ್ಯ ರಾಷ್ಟ್ರಪತಿ ಆಳ್ವಿಕೆಯಲ್ಲಿತ್ತು. ವಿಧಾನಸಭೆಗೆ ಚುನಾವಣೆ ನಡೆಯುತ್ತಿತ್ತು. ಸತ್ತವರ ಬಗ್ಗೆ ತಕ್ಷಣ ಪ್ರಶ್ನೆ ಕೇಳಲು ಸದನವೇ ಇರಲಿಲ್ಲ. ನಿಷೇಧವೇ ಈ ಸಾವಿಗೆ ಏಕಮಾತ್ರ ಕಾರಣವೆಂದು ಹೇಳುವುದು 1981ರ ಅನುಭವವನ್ನು ಮರೆತಂತೆ. ಎರಡೂ ದುರಂತಗಳಲ್ಲಿ ಸಮಾನವಾಗಿದ್ದುದು ಅಗ್ಗದ ಪಾನೀಯವನ್ನು ಅರಸುವ ಬಡ ಕೂಲಿಕಾರ ಮತ್ತು ಹತೋಟಿ ತಪ್ಪಿದ ಕಾರ್ಖಾನೆಯ ವಿಷ.

ಆ ವಿಷದ ಮೇಲೆ ರಾಜ್ಯಕ್ಕೆ ಎಷ್ಟು ಅಧಿಕಾರವಿತ್ತೆಂಬುದೂ ಬಹುಕಾಲ ವಿವಾದದಲ್ಲಿತ್ತು. ರಾಜ್ಯಪಟ್ಟಿಯ ‘ಮಾದಕ ಪಾನೀಯ’ ಎಂಬ ಮಾತು ಕೈಗಾರಿಕಾ ಮದ್ಯಸಾರವನ್ನು ಒಳಗೊಳ್ಳುವುದಿಲ್ಲವೆಂದು 1990ರಲ್ಲಿ ಸರ್ವೋಚ್ಚ ನ್ಯಾಯಾಲಯದ ಏಳು ನ್ಯಾಯಾಧೀಶರ ಪೀಠ ಹೇಳಿತ್ತು. ಅದು ಕುಡಿಯುವ ಮದ್ಯವಾಗಿ ಮಾರ್ಪಡದಂತೆ ತಡೆಯುವ ಅಧಿಕಾರವಷ್ಟೇ ರಾಜ್ಯಗಳಿಗೆ ಉಳಿದಿತ್ತು. 2024ರ ಅಕ್ಟೋಬರ್‌ನಲ್ಲಿ ಒಂಬತ್ತು ನ್ಯಾಯಾಧೀಶರ ಪೀಠ ಬಹುಮತದಿಂದ ಆ ತೀರ್ಪನ್ನು ಬದಿಗೆ ಸರಿಸಿ, ದುರ್ಬಳಕೆಯಿಂದ ಜನಾರೋಗ್ಯಕ್ಕೆ ಹಾನಿಯಾಗಬಲ್ಲ ಮದ್ಯಸಾರವೂ ರಾಜ್ಯದ ಅಧಿಕಾರಕ್ಕೆ ಒಳಪಡುತ್ತದೆಂದು ಎತ್ತಿಹಿಡಿಯಿತು. ಇದರಿಂದ ರಾಜ್ಯ ಶಾಸಕಾಂಗದ ಅಧಿಕಾರ ಹಿಗ್ಗಿದಂತೆಯೇ ಹೊಣೆಯೂ ಹಿಗ್ಗಿದೆ.

5. ಶಿಕ್ಷೆಯೋ, ಶುಶ್ರೂಷೆಯೋ?

ದುರಂತ ಸಂಭವಿಸಿದಾಗ ಶಾಸನಸಭೆಗಳು ಮೊದಲು ಅರಸುವುದು ಶಿಕ್ಷೆಯನ್ನು. 2009ರ ಅಹಮದಾಬಾದಿನ ದುರಂತದ ತರುವಾಯ ಗುಜರಾತ್ ವಿಧಾನಸಭೆ ವಿಷಮದ್ಯ ತಯಾರಕರಿಗೆ ಮರಣದಂಡನೆಯವರೆಗೆ ಅವಕಾಶ ಕಲ್ಪಿಸಿತು. 2024ರ ಜೂನ್‌ನಲ್ಲಿ ಕಳ್ಳಕುರಿಚಿಯ ದುರಂತ ನಡೆದ ಕೆಲವೇ ದಿನಗಳಲ್ಲಿ ತಮಿಳುನಾಡು ವಿಧಾನಸಭೆ ಜೀವಾವಧಿ ಶಿಕ್ಷೆಯನ್ನೂ ದಂಡವನ್ನೂ ಗೊತ್ತುಪಡಿಸಿತು. ಲಾಭಕ್ಕಾಗಿ ವಿಷ ಮಾರಿದವನಿಗೆ ಕಠಿಣ ಶಿಕ್ಷೆ ನ್ಯಾಯವಾದುದೇ. ಆದರೆ ಶಿಕ್ಷೆ ಸಾವಿನ ಅನಂತರದ ಮಾತು.

2016ರಿಂದ ಸಂಪೂರ್ಣ ಪಾನನಿರೋಧವಿರುವ ಬಿಹಾರದ ಚರ್ಚೆ ಇನ್ನೂ ಬೋಧಪ್ರದವಾದುದು. 2022ರ ಡಿಸೆಂಬರ್‌ನಲ್ಲಿ ಸಾರಣ ಜಿಲ್ಲೆಯಲ್ಲಿ ಹತ್ತಾರು ಜನ ಸತ್ತಾಗ, ಕಾನೂನು ಮೀರಿ ಕುಡಿದವರ ಕುಟುಂಬಕ್ಕೆ ಪರಿಹಾರವೇಕೆ ಎಂಬುದು ಸದನದಲ್ಲಿ ಸರ್ಕಾರದ ನಿಲುವಾಗಿತ್ತು. ಕೆಲವೇ ತಿಂಗಳಲ್ಲಿ, 2023ರ ಏಪ್ರಿಲ್‌ನಲ್ಲಿ, ಅದೇ ಸರ್ಕಾರ ನಾಲ್ಕು ಲಕ್ಷ ರೂಪಾಯಿ ಪರಿಹಾರ ಘೋಷಿಸಬೇಕಾಯಿತು. ಕುಡಿಯುವುದೇ ಅಪರಾಧವಾದಲ್ಲಿ ಕಣ್ಣು ಮಂಜಾದವನು ಆಸ್ಪತ್ರೆಗೆ ಹೋಗಲು ಅಂಜುತ್ತಾನೆ. ಮನೆಯವರು ಸಾವಿನ ಕಾರಣವನ್ನು ಮರೆಮಾಚುತ್ತಾರೆ. ಚಿಕಿತ್ಸೆಯ ಅಮೂಲ್ಯ ಗಳಿಗೆಗಳು ಆ ಅಂಜಿಕೆಯಲ್ಲಿ ಕಳೆದುಹೋಗುತ್ತವೆ. ಮಾದಕವಸ್ತುಗಳ ಕೇಂದ್ರ ಕಾಯಿದೆಯ 64ಎ ಕಲಮು ತಾನಾಗಿ ಚಿಕಿತ್ಸೆಗೆ ಬರುವ ವ್ಯಸನಿಗೆ ಕೆಲವು ಷರತ್ತುಗಳೊಡನೆ ಮೊಕದ್ದಮೆಯಿಂದ ರಕ್ಷಣೆ ನೀಡುತ್ತದೆ. ಪೋರ್ಚುಗಲ್ 2001ರಿಂದ ಸ್ವಂತ ಬಳಕೆಯ ಅಲ್ಪ ಪ್ರಮಾಣವನ್ನು ಕ್ರಿಮಿನಲ್ ಅಪರಾಧದ ವ್ಯಾಪ್ತಿಯಿಂದ ತೆಗೆದು ಬಳಕೆದಾರನನ್ನು ಶುಶ್ರೂಷೆಯ ದಾರಿಗೆ ತಿರುಗಿಸಿದೆ. ಮಾರುವವನನ್ನೂ ಬಲಿಯಾಗುವವನನ್ನೂ ಬೇರ್ಪಡಿಸಿ ನೋಡುವ ವಿವೇಕ ಇವೆರಡರಲ್ಲಿಯೂ ಇದೆ.

ಈ ವಿವೇಕಕ್ಕೆ ದೂರ ಹೋಗಬೇಕಾಗಿಲ್ಲ. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳು ಬಳ್ಳಾರಿ ಜಿಲ್ಲೆಯಲ್ಲಿದ್ದಾಗ, 1980ರ ದಶಕದಲ್ಲಿ, ನಿಮ್ಹಾನ್ಸ್ ಸಂಸ್ಥೆ ಆ ಜಿಲ್ಲೆಯಲ್ಲಿ ಮಾನಸಿಕ ಆರೋಗ್ಯದ ಪ್ರಯೋಗವೊಂದನ್ನು ಕೈಗೊಂಡಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ರೋಗಿಯ ಊರಿನ ಸಮೀಪದಲ್ಲಿಯೇ ಚಿಕಿತ್ಸೆ ದೊರಕಿಸಬಹುದೆಂದು ಅದು ತೋರಿಸಿತು. ‘ಬಳ್ಳಾರಿ ಮಾದರಿ’ ಎಂದು ಹೆಸರಾದ ಈ ಪ್ರಯೋಗವೇ 1996ರಲ್ಲಿ ಆರಂಭವಾದ ರಾಷ್ಟ್ರಮಟ್ಟದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ತಳಹದಿ. ಕುಡಿತದ ಚಟಕ್ಕೂ ವಿಷಮದ್ಯದ ತುರ್ತು ಚಿಕಿತ್ಸೆಗೂ ಇದೇ ದಾರಿಯನ್ನು ವಿಸ್ತರಿಸಬಹುದು.

6. ಉಪಸಂಹಾರ

2019ರ ಜನವರಿಯಲ್ಲಿ ಸಾವಿರಾರು ಗ್ರಾಮೀಣ ಮಹಿಳೆಯರು ಮದ್ಯನಿಷೇಧಕ್ಕಾಗಿ ಚಿತ್ರದುರ್ಗದಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಹೋದರು. ಗಾಂಧೀಜಿಯವರ ಚಿತಾಭಸ್ಮದ ಸ್ಮಾರಕವನ್ನು ಹೊಂದಿರುವ ಕೂಡ್ಲಿಗಿಗೆ ನೆರೆಯಾದ ಜಿಲ್ಲೆಯಿಂದ ಹೊರಟ ಈ ನಡಿಗೆ ಗಾಂಧೀಜಿ ಹುತಾತ್ಮರಾದ ದಿನದಂದೇ ರಾಜಧಾನಿಯಲ್ಲಿ ಮುಗಿಯಿತು. 2023–24ರಲ್ಲಿ ರಾಜ್ಯದ ಅಬಕಾರಿ ವರಮಾನ 34 ಸಾವಿರ ಕೋಟಿ ರೂಪಾಯಿ ದಾಟಿತು. ಈ ಎರಡು ಸಂಗತಿಗಳನ್ನು ಒಟ್ಟಿಗೆ ಇರಿಸಿದರೆ ಶಾಸನಸಭೆಯ ಸಂಕಟ ಸ್ಪಷ್ಟವಾಗುತ್ತದೆ. ಆ ಮಹಿಳೆಯರ ದೂರು ವಿಷಮದ್ಯದ ಬಗ್ಗೆ ಮಾತ್ರವಲ್ಲ. ಯಕೃತ್ತು ಕೆಟ್ಟು, ರಸ್ತೆಯಲ್ಲಿ ಬಿದ್ದು, ಮನೆಯೊಳಗಿನ ಹೊಡೆತಕ್ಕೆ ಸಿಕ್ಕಿ ಒಬ್ಬೊಬ್ಬರಾಗಿ ಸಾಯುವವರನ್ನು ಕುರಿತು ಯಾವ ಸದನವೂ ನಿಲುವಳಿ ಸೂಚನೆ ಮಂಡಿಸುವುದಿಲ್ಲ. ಪರವಾನಗಿ ಪಡೆದ ಮದ್ಯದಿಂದಲೇ ಆಗುವ ಈ ನಿಧಾನದ ಸಾವುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಚರ್ಚೆ ಅಪೂರ್ಣವಾದುದು.

ಆದುದರಿಂದ ಮುಂದೆ ಬರುವ ಯಾವುದೇ ಮಸೂದೆಯನ್ನು ಕೆಲವು ನೇರ ಪ್ರಶ್ನೆಗಳಿಂದ ಒರೆಹಚ್ಚಬೇಕು. ಕಾರ್ಖಾನೆಯ ಮಿಥೈಲ್ ಆಲ್ಕೋಹಾಲ್ ಪ್ರತಿ ಲೀಟರಿನ ಲೆಕ್ಕ ಯಾರ ಬಳಿಯಿದೆ? ಒಂದು ಪಾನೀಯವನ್ನು ತಡೆದರೆ ಬಡವನ ಕೈ ಯಾವುದರತ್ತ ಚಾಚುತ್ತದೆ? ತಾಲ್ಲೂಕು ಆಸ್ಪತ್ರೆಯಲ್ಲಿ ಪ್ರತಿವಿಷವಿದೆಯೇ? ವಿಷ ಕುಡಿದವನು ಪೊಲೀಸರ ಭಯವಿಲ್ಲದೆ ಅಲ್ಲಿಗೆ ಬರಬಹುದೇ? ಮದ್ಯದಿಂದ ಬಂದ ವರಮಾನದಲ್ಲಿ ಎಷ್ಟು ಪಾಲು ಮದ್ಯದಿಂದ ನೊಂದವರ ಶುಶ್ರೂಷೆಗೆ ಮರಳುತ್ತದೆ? 1939ರಲ್ಲಿ ಮದರಾಸಿನ ಸದನ ತನ್ನ ತೀರ್ಮಾನದ ಬೆಲೆಯನ್ನು ಬಹಿರಂಗವಾಗಿ ಲೆಕ್ಕಹಾಕಿ ಜನರ ಮುಂದಿಟ್ಟಿತು. ನಿಷೇಧಿಸಲಿ, ಅನುಮತಿಸಲಿ, ಅಂತಹ ಲೆಕ್ಕವನ್ನು ರೂಪಾಯಿಗಳಲ್ಲಿ ಮಾತ್ರವಲ್ಲದೆ ಉಳಿದ ಜೀವಗಳಲ್ಲಿಯೂ ಮಂಡಿಸುವುದು ಇಂದಿನ ಶಾಸನಸಭೆಯ ಕರ್ತವ್ಯ.