ಹಳೆಯ ಯಂತ್ರದ ಹಟಮಾರಿ ತಿರುಪು: ಬಲಕ್ಕಿಂತ ಹಿಡಿತ ಮುಖ್ಯ

ದಶಕಗಳ ಕಾಲ ಮೂಲೆಗುಂಪಾಗಿದ್ದ ಲೇತ್ ಯಂತ್ರವನ್ನು ಬಿಚ್ಚುವಾಗ ಎದುರಾಗುವ ದೊಡ್ಡ ತೊಡಕೆಂದರೆ ತುಕ್ಕು ಹಿಡಿದ ದಪ್ಪತಲೆಯ ತಿರುಪುಗಳು. ತಲೆಯ ಮೇಲಿನ ಸೀಳಿನ ಅಂಚು ಹರಿದರೆ ತಿರುಪನ್ನು ಕೊರೆದೇ ತೆಗೆಯಬೇಕಾದೀತು. ಆಗ ಮತ್ತೆ ಸಿಗದ ಮೂಲ ಬಿಡಿಭಾಗಕ್ಕೂ ಧಕ್ಕೆ ತಪ್ಪಿದ್ದಲ್ಲ.

ಮೊದಲು ಸೀಳಿನಲ್ಲಿ ಕುಳಿತ ಬಣ್ಣ, ಜಿಡ್ಡನ್ನು ಕೆರೆದು, ತುಕ್ಕು ಸಡಿಲಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡಬೇಕು. ಸ್ಕ್ರೂಡ್ರೈವರಿನ ತುದಿ ಸೀಳಿನ ಉದ್ದಗಲವನ್ನು ಪೂರ್ಣವಾಗಿ ತುಂಬಬೇಕು. ಬೆಣೆಯಾಕಾರದ ತುದಿ ತಿರುಗಿಸಿದಷ್ಟೂ ಮೇಲಕ್ಕೆ ಜಾರುವುದರಿಂದ, ಅದರ ಪಕ್ಕಗಳನ್ನು ಸಮಾನಾಂತರವಾಗಿ ಸಾಣೆ ಹಿಡಿಯುವುದು ಲೇಸು. ಹಿಡಿಯ ಕೊನೆಯವರೆಗೂ ಉಕ್ಕಿರುವ ಸ್ಕ್ರೂಡ್ರೈವರಿಗೆ ಸುತ್ತಿಗೆಯ ಪೆಟ್ಟು ಕೊಟ್ಟರೆ ತುಕ್ಕಿನ ಬಿಗಿ ಒಡೆಯುತ್ತದೆ. ಬಳಿಕ ಅದರ ಚೌಕದಂಡಕ್ಕೆ ಸ್ಪ್ಯಾನರ್ ತೊಡಿಸಿ, ಮೇಲಿನಿಂದ ಒತ್ತಿಹಿಡಿದು ಮೆಲ್ಲನೆ ತಿರುಗಿಸಬೇಕು.

ಉರಿ ಹಿಡಿಯುವುದು ಕೊನೆಯ ಉಪಾಯ. ಎರಕದ ಕಬ್ಬಿಣ ಒಂದೇ ಕಡೆ ಕಾದರೆ ಬಿರುಕು ಬಿಟ್ಟೀತು.